ತುಕ್ಕು ಹಿಡಿದ ಬೋಲ್ಟ್ ಬಿಚ್ಚುವ ಸ್ಪ್ರೇಗಳು: ಕರಾವಳಿಯ ಮನೆಗೆ ಯಾವುದು ಬೇಕು, ಯಾವುದು ಬೇಡ

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ತುಕ್ಕಿನ ಸ್ಪ್ರೇ ಕೊಡಿ" ಅಂದರೆ ಮೂರು ಬೇರೆ ಬೇರೆ ಜಾತಿಯ ಡಬ್ಬಿಗಳಲ್ಲಿ ಯಾವುದೋ ಒಂದು ಕೈಗೆ ಬರುತ್ತದೆ. ಒಂದು, ಎಲ್ಲದಕ್ಕೂ ಆಗುತ್ತದೆ ಎನ್ನುವ ಮಲ್ಟಿ ಯೂಸ್ ಸ್ಪ್ರೇ. ಇನ್ನೊಂದು, ಜಾಮ್ ಆದ ನಟ್ಟು ಬೋಲ್ಟ್ ಬಿಚ್ಚಲಿಕ್ಕೆ ಅಂತಲೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್. ಮತ್ತೊಂದು, ತುಕ್ಕನ್ನೇ ಕರಗಿಸುವ ಅಥವಾ ಕಪ್ಪು ಪದರ ಮಾಡಿಬಿಡುವ ರಸ್ಟ್ ರಿಮೂವರ್, ಅದರಲ್ಲಿ ಹೆಚ್ಚಾಗಿ ಫಾಸ್ಫಾರಿಕ್ ಆಸಿಡ್ ಇರುತ್ತದೆ. ಈ ಮೂರನೆಯದು ಪೇಂಟ್ ಹೊಡೆಯುವ ಮುಂಚೆ ಗ್ರಿಲ್ಲಿಗೆ, ಗೇಟಿಗೆ ಹಚ್ಚಲಿಕ್ಕೆ ಒಳ್ಳೆಯದು. ನಟ್ಟು ಬಿಚ್ಚಲಿಕ್ಕೆ ಉಪಯೋಗ ಇಲ್ಲ. ಮೇಲಿನ ತುಕ್ಕು ಹೋಗಿ ಬೋಲ್ಟ್ ಚಂದ ಕಾಣುತ್ತದೆ, ಒಳಗೆ ಥ್ರೆಡ್, ಅಂದರೆ ಸುರುಳಿ ಗೆರೆ, ಹಾಗೇ ಕಚ್ಚಿಕೊಂಡಿರುತ್ತದೆ.

ನಾನಿರುವುದು ಕುಂದಾಪುರದ ಕಡೆ, ಸಮುದ್ರಕ್ಕೆ ಹತ್ತಿರ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ಮಳೆ ಒಂದು ಕಡೆ, ವರ್ಷವಿಡೀ ಉಪ್ಪು ಗಾಳಿ ಇನ್ನೊಂದು ಕಡೆ. ಸ್ಕೂಟರಿನ ಸೈಲೆನ್ಸರ್ ನಟ್ಟು, ತೋಟದ ಪಂಪ್‌ಸೆಟ್ಟಿನ ಫ್ಲೇಂಜ್ (ಪೈಪು ಜೋಡಿಸುವ ಅಗಲ ಅಂಚು) ಬೋಲ್ಟ್, ಗೇಟಿನ ಹಿಂಜ್, ನೀರಿನ ಟ್ಯಾಂಕಿನ ಸ್ಟ್ಯಾಂಡ್, ಸೈಕಲ್ಲಿನ ಸೀಟು ಕಂಬಿ, ಯಾವುದೂ ಹಾಕಿದ ಹಾಗೆ ತೆಗೆಯಲಿಕ್ಕೆ ಬರುವುದಿಲ್ಲ. ಹಾಗಾಗಿ ಇಂಥ ಡಬ್ಬಿಗಳು ನಮ್ಮ ಮನೆಯಲ್ಲಿ ಸದಾ ಇರುತ್ತವೆ, ಬೇರೆ ಬೇರೆ ಕಂಪನಿಯವು. ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ: ನಿಜವಾದ ಪೆನೆಟ್ರೇಟಿಂಗ್ ಆಯಿಲ್ ಒಂದು ಚಿಕ್ಕ ಡಬ್ಬಿ ಇರಲಿ, ಆದರೆ ಬೋಲ್ಟ್ ಬಿಚ್ಚುವುದರಲ್ಲಿ ಡಬ್ಬಿಯ ಹೆಸರಿಗಿಂತ ಕಾಯುವ ಹೊತ್ತಿನ ಪಾಲು ದೊಡ್ಡದು. ರಾತ್ರಿಯಿಡೀ ನೆನೆದ ಡೀಸೆಲ್, ಐದು ನಿಮಿಷ ನೆನೆದ ದುಬಾರಿ ಸ್ಪ್ರೇಗಿಂತ ಎಷ್ಟೋ ಸಲ ಚೆನ್ನಾಗಿ ಕೆಲಸ ಮಾಡಿದ್ದನ್ನು ನೋಡಿದ್ದೇನೆ.

ಯಾಕೆ ಅಂದರೆ, ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಇದ್ದ ಕೂದಲೆಳೆಯಷ್ಟು ಸಂದಿಯಲ್ಲಿ ಅದು ಉಬ್ಬಿ ಎರಡನ್ನೂ ಒತ್ತಿ ಹಿಡಿಯುತ್ತದೆ. ನಟ್ಟು ತಿರುಗದೆ ಇರುವುದು ಈ ಒತ್ತಡದಿಂದ. ಆದರೆ ತುಕ್ಕು ಗಟ್ಟಿ ಲೋಹ ಅಲ್ಲ, ಅದರಲ್ಲಿ ಸಣ್ಣ ಸಣ್ಣ ತೂತು, ಬಿರುಕು ಇರುತ್ತವೆ. ತೆಳುವಾದ ಎಣ್ಣೆ ದೀಪದ ಬತ್ತಿಯಲ್ಲಿ ಏರುವ ಹಾಗೆ ಆ ಬಿರುಕುಗಳಲ್ಲಿ ತಾನಾಗಿ ಹರಿದು ಒಳಗೆ ಹೋಗುತ್ತದೆ. ಎಣ್ಣೆ ಎಷ್ಟು ತೆಳುವೋ, ಲೋಹದ ಮೇಲೆ ಎಷ್ಟು ಚೆನ್ನಾಗಿ ಹರಡುತ್ತದೋ, ಅಷ್ಟು ಆಳಕ್ಕೆ ಹೋಗುತ್ತದೆ. ಅದಕ್ಕೇ ಈ ಡಬ್ಬಿಗಳಲ್ಲಿ ತೆಳುವಾದ ದ್ರಾವಕ ಜಾಸ್ತಿ, ನಿಜವಾದ ಎಣ್ಣೆ ಕಮ್ಮಿ. ದ್ರಾವಕ ದಾರಿ ಮಾಡಿ ಆರಿಹೋಗುತ್ತದೆ, ಹಿಂದೆ ಉಳಿದ ಎಣ್ಣೆ ಜಾರಿಸುತ್ತದೆ. ಇಂಜಿನ್ ಆಯಿಲ್, ಗ್ರೀಸ್ ಹಾಕಿದರೆ ಬೋಲ್ಟಿನ ಹೊರಗೇ ಕೂತಿರುತ್ತವೆ, ಸುಮ್ನೆ ವೇಸ್ಟ್.

ಈಗ ಡಬ್ಬಿಗಳ ವಿಷಯ.

ಡಬ್ಲ್ಯೂಡಿ-40 ಎಲ್ಲರಿಗೂ ಗೊತ್ತು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರಾಕೆಟ್ ಕೆಮಿಕಲ್ ಕಂಪನಿ ಅಂತ ಇತ್ತು. ಅವರು ಅದನ್ನು ತಯಾರಿಸಿದ್ದು 1953ರಲ್ಲಿ. ಅಟ್ಲಾಸ್ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳಲಿಕ್ಕೆ ಅದನ್ನು ಬಳಸಿದರು. ಹೆಸರಿನ ಅರ್ಥ "ನೀರನ್ನು ಸರಿಸುವುದು, 40ನೇ ಪ್ರಯತ್ನ" ಅಂತ. ಅಂಗಡಿಗೆ ಸ್ಪ್ರೇ ಡಬ್ಬಿಯಾಗಿ ಬಂದದ್ದು 1958ರಲ್ಲಿ. ಇದನ್ನು ಹೇಳಲಿಕ್ಕೆ ಕಾರಣ ಇದೆ. ಅದರ ಹುಟ್ಟು ಕೆಲಸ ನೀರು ಓಡಿಸುವುದು ಮತ್ತು ತುಕ್ಕು ತಡೆಯುವುದು. ಆ ಕೆಲಸವನ್ನು ಇವತ್ತಿಗೂ ಬಹಳ ಚೆನ್ನಾಗಿ ಮಾಡುತ್ತದೆ. ಮಳೆಯಲ್ಲಿ ನೆನೆದ ಸೈಕಲ್ ಚೈನು, ಸ್ಕೂಟರಿನ ಪ್ಲಗ್ ಕ್ಯಾಪು, ಮಳೆಗಾಲ ಮುಗಿದ ಮೇಲೆ ಒಳಗಿಡುವ ಹುಲ್ಲು ಕತ್ತರಿಸುವ ಮಷಿನ್, ಇವಕ್ಕೆ ಹೊಡೆಯಲಿಕ್ಕೆ ನನಗೆ ಅದೇ ಇಷ್ಟ. ಸಾಧಾರಣ ಹಿಡಿದ ನಟ್ಟನ್ನೂ ಬಿಡಿಸುತ್ತದೆ. ವರ್ಷಗಟ್ಟಲೆ ಉಪ್ಪು ಗಾಳಿ ತಿಂದ ಬೋಲ್ಟಿಗೆ ಬೇಕಾದದ್ದು ಬೇರೆ, ಅದು ಕಂಪನಿಗೂ ಗೊತ್ತು. ಅದಕ್ಕೇ ಅವರೇ ಸ್ಪೆಷಲಿಸ್ಟ್ ಪೆನೆಟ್ರೆಂಟ್ ಅಂತ ಬೇರೆ ಡಬ್ಬಿ ಮಾರುತ್ತಾರೆ. ಅಂಗಡಿಯಲ್ಲಿ ಎರಡೂ ಒಟ್ಟಿಗೆ ಇದ್ದರೆ, ನಿಮ್ಮ ಕೆಲಸ ಜಾಮ್ ಬಿಡಿಸುವುದೇ ಆಗಿದ್ದರೆ, ಆ ಸ್ಪೆಷಲಿಸ್ಟ್ ಡಬ್ಬಿಯನ್ನೇ ಕೇಳಿ ತಗೊಳ್ಳಿ.

ಪೆನೆಟ್ರೇಟಿಂಗ್ ಜಾತಿಯಲ್ಲಿ ನನಗೆ ಇಷ್ಟವಾದದ್ದು ಜರ್ಮನಿಯ ಲಿಕ್ವಿ ಮೋಲಿಯ ರಸ್ಟ್ ಸಾಲ್ವೆಂಟ್, ಮಾಲಿಬ್ಡಿನಂ ಡೈಸಲ್ಫೈಡ್ ಸೇರಿಸಿದ್ದು. ಈ ಮಾಲಿಬ್ಡಿನಂ ಪುಡಿ ಒಣಗಿದ ಮೇಲೂ ಜಾರಿಸುವ ಗುಣ ಇರುವ ವಸ್ತು, ಹಾಗಾಗಿ ದ್ರಾವಕ ಆರಿದ ಮೇಲೂ ಥ್ರೆಡ್ಡಿನಲ್ಲಿ ಏನೋ ಒಂದು ಉಳಿದಿರುತ್ತದೆ. ಪಂಪ್‌ಸೆಟ್ಟಿನ ಫ್ಲೇಂಜಿನ 17ರ (17 ಮಿ.ಮೀ. ಸ್ಪಾನರ್ ಕೂರುವ) ಬೋಲ್ಟುಗಳಿಗೆ ಸಂಜೆ ಹೊಡೆದು ಬೆಳಿಗ್ಗೆ ಬಿಚ್ಚಿದಾಗ ಅರ್ಧ ಸುತ್ತಿನ ನಂತರ ಕಿರುಗುಡದೆ ಬಂದವು. ಕೈಗೆ, ಬಟ್ಟೆಗೆ ಕಪ್ಪು ಕಲೆ ಅಂಟುತ್ತದೆ, ಬೇಗ ಹೋಗುವುದಿಲ್ಲ. ಗ್ಯಾರೇಜುಗಳಲ್ಲಿ ವುರ್ತ್ ಕಂಪನಿಯ ರೋಸ್ಟ್ ಆಫ್ ನೋಡಿರಬಹುದು, ಅದೂ ಇದೇ ಕೆಲಸದ್ದು. ಇವೆಲ್ಲ ಸಣ್ಣ ಊರಿನ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಅಥವಾ ಆನ್‌ಲೈನ್ ನೋಡಬೇಕು.

ಹೆಸರಿಲ್ಲದ ಅಗ್ಗದ ಡಬ್ಬಿಗಳೂ ಇವೆ. ಒಳಗಿನ ಎಣ್ಣೆ ಕೆಲವದರಲ್ಲಿ ಪರವಾಗಿಲ್ಲ. ತೊಂದರೆ ಡಬ್ಬಿಯದ್ದು. ನಾನು ತಂದ ಒಂದರಲ್ಲಿ ಎಣ್ಣೆ ಇನ್ನೂ ಕಾಲುಭಾಗ ಇರುವಾಗಲೇ ಗ್ಯಾಸು ಖಾಲಿಯಾಯಿತು, ಅಲುಗಿಸಿದರೆ ಒಳಗೆ ಗುಳುಗುಳು ಅನ್ನುತ್ತದೆ, ಹೊರಗೆ ಬರುವುದಿಲ್ಲ. ಡಬ್ಬಿ ಆರಿಸುವಾಗ ನಾನು ಮೊದಲು ನೋಡುವುದು ಕೊಳವೆ. ಮೂತಿಗೆ ಸೇರಿಸಿಯೇ ಇರುವ ಮಡಚುವ ಕೊಳವೆ ಇದ್ದರೆ ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಲಾಭ. ಬದಿಗೆ ಟೇಪಿನಲ್ಲಿ ಅಂಟಿಸಿದ ಕೆಂಪು ಕೊಳವೆ ಮೊದಲ ವಾರದಲ್ಲೇ ಕಳೆದುಹೋಗುತ್ತದೆ, ಆಮೇಲೆ ನಟ್ಟಿಗೆ ಒಂದು ಹನಿ, ಗೋಡೆಗೆ ಹತ್ತು ಹನಿ. ಎರಡನೆಯದು ಸೈಜು. ಮನೆಗೆ ಚಿಕ್ಕ ಡಬ್ಬಿ ಸಾಕು. ಒಂದು ಬೋಲ್ಟಿಗೆ ಬೇಕಾಗುವುದು ಕೆಲವೇ ಹನಿ, ಅಷ್ಟೇ ಅಲ್ವಾ.

ಮನೆಯಲ್ಲೇ ಇರುವ ವಸ್ತುಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಡೀಸೆಲ್ ನಿಜಕ್ಕೂ ಒಳ್ಳೆಯದು. ತೆಳು, ಸ್ವಲ್ಪ ಎಣ್ಣೆ ಗುಣವೂ ಇದೆ, ಬೇಗ ಆರುವುದಿಲ್ಲ. ಬಿಡಿ ಭಾಗಗಳನ್ನು ಒಂದು ಹಳೇ ಡಬ್ಬದಲ್ಲಿ ಮುಳುಗಿಸಿ ಇಡಲಿಕ್ಕೆ ಅದಕ್ಕಿಂತ ಅಗ್ಗದ್ದು ಬೇರೆ ಇಲ್ಲ. ಸೀಮೆಎಣ್ಣೆಯೂ ಹಾಗೇ, ಇನ್ನೂ ತೆಳು, ಆದರೆ ಈಗ ಸಿಗುವುದೇ ಕಷ್ಟ. ಬ್ರೇಕ್ ಆಯಿಲ್ ಹಾಕುವವರಿದ್ದಾರೆ, ಹಾಕಬೇಡಿ, ಅದು ಬಿದ್ದಲ್ಲಿ ಪೇಂಟು ಎದ್ದು ಬರುತ್ತದೆ. ತೆಂಗಿನೆಣ್ಣೆ ದಪ್ಪ, ಮತ್ತು ಹಳತಾದಂತೆ ಅಂಟಾಗುತ್ತದೆ. ಇನ್ನೊಂದು, ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆಯನ್ನು ಅರ್ಧರ್ಧ ಬೆರೆಸುವುದು. ವಿಡಿಯೋಗಳಲ್ಲಿ ಬಹಳ ಹೊಗಳುತ್ತಾರೆ. ಕೆಲಸ ಮಾಡುತ್ತದೆ, ನಿಜ. ಆದರೆ ಎರಡೂ ಒಂದಕ್ಕೊಂದು ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಅಲುಗಿಸಬೇಕು. ಅಸಿಟೋನ್ ಪ್ಲಾಸ್ಟಿಕ್ಕನ್ನೂ ಪೇಂಟನ್ನೂ ತಿನ್ನುತ್ತದೆ, ಅದರ ಆವಿ ಮೈನಸ್ 20 ಡಿಗ್ರಿ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಮಕ್ಕಳಿರುವ ಮನೆಯಲ್ಲಿ ಹಳೇ ನೀರಿನ ಬಾಟಲಿಯಲ್ಲಿ ಅದನ್ನು ತುಂಬಿಡುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಡಬ್ಬಿ ಯಾವುದೇ ಇರಲಿ, ಬಳಸುವ ಕ್ರಮ ತಪ್ಪಿದರೆ ಹಣ ನೀರಿಗೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ವೈರ್ ಬ್ರಷ್. ಬೋಲ್ಟಿನ ಹೊರಗೆ ಕಾಣುವ ಥ್ರೆಡ್ಡನ್ನು ಚೆನ್ನಾಗಿ ಉಜ್ಜಿ, ಹಳೇ ಪೇಂಟು, ಮಣ್ಣು, ಉದುರುವ ತುಕ್ಕು ಎಲ್ಲ ತೆಗೆಯಿರಿ. ಎಣ್ಣೆಗೆ ಒಳಗೆ ಹೋಗಲಿಕ್ಕೆ ಬಾಯಿ ಬೇಕು, ಪೇಂಟು ಆ ಬಾಯಿಯನ್ನು ಮುಚ್ಚಿರುತ್ತದೆ. ಇದಲ್ಲದೆ, ನಟ್ಟು ಬಿಚ್ಚಿಕೊಂಡು ಹೊರಗೆ ಬರುವಾಗ ದಾಟಬೇಕಾದ ದಾರಿಯೂ ಅದೇ. ಆಮೇಲೆ ಎಣ್ಣೆ ಬಿಡಿ, ನಟ್ಟಿನ ಎರಡೂ ಬದಿಯಿಂದ, ಸಾಧ್ಯವಾದರೆ ಮೇಲಿನಿಂದ ಕೆಳಗೆ ಇಳಿಯುವ ಹಾಗೆ. ಅಡ್ಡವಾಗಿರುವ ಬೋಲ್ಟಾದರೆ ಎಣ್ಣೆ ಕೆಳಗೆ ಸೋರಿಹೋಗುತ್ತದೆ, ಅಲ್ಲಿ ಹತ್ತಿಬಟ್ಟೆಯ ಚೂರನ್ನು ನೆನೆಸಿ ನಟ್ಟಿಗೆ ಸುತ್ತಿಡಿ.

ಈಗ ಸುತ್ತಿಗೆ. ಬೋಲ್ಟಿನ ತಲೆಯ ಮೇಲೆ ನೇರವಾಗಿ, ಜೋರಾಗಿ ಅಲ್ಲ, ಟಕ್ ಟಕ್ ಅಂತ ಒಂದಷ್ಟು ಪೆಟ್ಟು. ಈ ಅದುರಿಗೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆಗೆ ಹೊಸ ದಾರಿ ಸಿಗುತ್ತದೆ. ಥ್ರೆಡ್ಡಿನ ತುದಿಗೆ ಹೊಡೆಯಬೇಡಿ, ಅದು ಅಣಬೆಯ ಹಾಗೆ ಅಗಲವಾದರೆ ನಟ್ಟು ಎಂದಿಗೂ ಹೊರಗೆ ಬರುವುದಿಲ್ಲ. ಮತ್ತೆ ಎಣ್ಣೆ, ಮತ್ತೆ ಪೆಟ್ಟು. ಹೀಗೆ ಸಂಜೆ ಒಂದೆರಡು ಸಲ ಮಾಡಿ ಬಿಟ್ಟುಬಿಡಿ. ಕೆಲವು ಡಬ್ಬಿಯ ಮೇಲೆ ಕೆಲವೇ ನಿಮಿಷ ಸಾಕು ಅಂತ ಬರೆದಿರುತ್ತದೆ, ಹೊಸ ತುಕ್ಕಿಗೆ ಅದು ಸರಿ. ಸಮುದ್ರದ ಗಾಳಿ ತಿಂದದ್ದಕ್ಕೆ ಒಂದು ರಾತ್ರಿ ಕೊಡಿ. ಗಡಿಬಿಡಿ ಇಲ್ಲದ ಕೆಲಸವಾದರೆ ಎರಡು ರಾತ್ರಿ ಕೊಡಿ.

ಸ್ಪಾನರ್ ಹಾಕುವಾಗ ಸೈಜು ಸರಿಯಾಗಿ ನೋಡಿ. 13ರ ನಟ್ಟಿಗೆ 14ರದ್ದು ಸುಮಾರಾಗಿ ಕೂತ ಹಾಗೆ ಕಾಣುತ್ತದೆ, ಒಂದೇ ಎಳೆತಕ್ಕೆ ಮೂಲೆಗಳು ಸವೆದು ನಟ್ಟು ರೌಂಡ್ ಆಗುತ್ತದೆ. ತುಕ್ಕು ಹಿಡಿದದ್ದಕ್ಕೆ ಬಾಯಿ ತೆರೆದ ಫಿಕ್ಸ್ ಸ್ಪಾನರ್ ಬೇಡವೇ ಬೇಡ. ರಿಂಗ್ ಸ್ಪಾನರ್ ಬೇಕು, ಅದಕ್ಕಿಂತ ಆರು ಮೂಲೆಯ ಸಾಕೆಟ್ ಉತ್ತಮ. ಹನ್ನೆರಡು ಮೂಲೆಯದ್ದು ಹಾಕಲಿಕ್ಕೆ ಸುಲಭ, ಆದರೆ ನಟ್ಟಿನ ತುದಿಗಳನ್ನು ಮಾತ್ರ ಹಿಡಿಯುತ್ತದೆ, ಆರು ಮೂಲೆಯದ್ದು ಬದಿಗಳನ್ನು ಹಿಡಿಯುತ್ತದೆ. ಸ್ಕೂಟರಿನ ಕವರಿನ ಸ್ಟಾರ್ ಸ್ಕ್ರೂ ಹಿಡಿದಿದ್ದರೆ ಮಾಮೂಲಿ ಸ್ಕ್ರೂಡ್ರೈವರ್‌ನಲ್ಲಿ ಹೋರಾಡಬೇಡಿ, ಸುತ್ತಿಗೆಯಲ್ಲಿ ಹೊಡೆದರೆ ತಾನೇ ತಿರುಗುವ ಕೈ ಇಂಪ್ಯಾಕ್ಟ್ ಡ್ರೈವರ್ ಸಿಗುತ್ತದೆ, ದುಬಾರಿಯೇನೂ ಅಲ್ಲ. ಒಂದೇ ಪೆಟ್ಟಿನಲ್ಲಿ ಒತ್ತುವುದೂ ತಿರುಗಿಸುವುದೂ ಎರಡೂ ಆಗುತ್ತದೆ.

ಮೊದಲ ಚಲನೆ ಬಿಗಿ ಮಾಡುವ ಕಡೆಗೆ ಇರಲಿ, ಚೂರೇ ಚೂರು. ಹಿಡಿತ ಒಡೆಯಲಿಕ್ಕೆ ಯಾವ ಕಡೆಗೆ ತಿರುಗಿದರೂ ಸರಿಯೇ. ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಬಂತು ಅಂತ ಖುಷಿಯಲ್ಲಿ ಎಳೆದುಬಿಡಬೇಡಿ. ಅಲ್ಲಿಗೆ ನಿಲ್ಲಿಸಿ, ಎಣ್ಣೆ ಬಿಟ್ಟು, ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ. ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡು ಇನ್ನೂ ಗಟ್ಟಿಯಾಗುವುದು ಈ ಹಂತದಲ್ಲೇ. ಕೆಂಪು ಕೆಸರಿನ ಹಾಗೆ ಎಣ್ಣೆ ಹೊರಗೆ ಬಂದರೆ ಒಳ್ಳೆಯ ಲಕ್ಷಣ.

ಸ್ಕೂಟರ್, ಬೈಕಿನ 6 ಮಿ.ಮೀ. ದಪ್ಪದ ಬೋಲ್ಟುಗಳ ಬಗ್ಗೆ ಬೇರೆಯೇ ಎಚ್ಚರಿಕೆ ಬೇಕು. ಅವನ್ನು ಬಿಗಿ ಮಾಡುವುದೇ ಸುಮಾರು 10 ನ್ಯೂಟನ್ ಮೀಟರಿಗೆ (ತಿರುಗಿಸುವ ಬಲದ ಅಳತೆ). 15 ಸೆಂ.ಮೀ. ಉದ್ದದ ಸ್ಪಾನರನ್ನು 10 ಕೆ.ಜಿ. ಬಲದಲ್ಲಿ ಎಳೆದರೆ ಆಗಲೇ ಸುಮಾರು 15 ನ್ಯೂಟನ್ ಮೀಟರ್ ಆಯಿತು. ಅಂದರೆ ನಮಗೆ "ಸ್ವಲ್ಪ ಒತ್ತಿದೆ" ಅನ್ನಿಸುವಷ್ಟಕ್ಕೇ ಬೋಲ್ಟ್ ಮುರಿಯುವ ಹತ್ತಿರ ಬಂದಿರುತ್ತದೆ. ಸ್ಪಾನರಿಗೆ ಪೈಪು ಸಿಕ್ಕಿಸಿ ಉದ್ದ ಮಾಡುವುದು ಫ್ಲೇಂಜಿನ ದಪ್ಪ ಬೋಲ್ಟಿಗೆ ಆಗುತ್ತದೆ, ಇವಕ್ಕೆ ಖಂಡಿತ ಬೇಡ. ಕೈಗೆ ಬೆಣ್ಣೆಯಂಥ ಮೆತ್ತನೆಯ ತಿರುಗು ಸಿಕ್ಕಿತು ಅಂದರೆ ಅದು ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ತಕ್ಷಣ ನಿಲ್ಲಿಸಿ.

ಎಣ್ಣೆಗೆ ಬಗ್ಗದಿದ್ದರೆ ಬಿಸಿ. 10 ಮಿ.ಮೀ. ದಪ್ಪದ ಉಕ್ಕು 200 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 0.024 ಮಿ.ಮೀ. ಹಿಗ್ಗುತ್ತದೆ. ಕೇಳಲಿಕ್ಕೆ ಏನೂ ಇಲ್ಲ ಅನ್ನಿಸಬಹುದು, ಆದರೆ ತುಕ್ಕಿನ ಹಿಡಿತ ಬಿಡಿಸಲಿಕ್ಕೆ ಅಷ್ಟು ಸಾಕು. ನಟ್ಟನ್ನು ಬಿಸಿ ಮಾಡಬೇಕು, ಬೋಲ್ಟನ್ನಲ್ಲ, ನಟ್ಟು ಹಿಗ್ಗಿದರೆ ಸಡಿಲ ಆಗುತ್ತದೆ. ಬಿಸಿಯಿರುವಾಗ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಎಳೆದುಕೊಳ್ಳುತ್ತದೆ, ಇದು ಹಳೇ ಮೆಕ್ಯಾನಿಕ್‌ಗಳ ಉಪಾಯ, ಚೆನ್ನಾಗಿದೆ. ಆದರೆ ಒಂದು ಮಾತು ಕಟ್ಟುನಿಟ್ಟಾಗಿ ನೆನಪಿಡಿ. ಸ್ಪ್ರೇ ಹೊಡೆದ ಜಾಗಕ್ಕೆ ಬೆಂಕಿ ತೋರಿಸಬಾರದು, ಬಿಸಿಯಾದ ಜಾಗಕ್ಕೆ ಸ್ಪ್ರೇ ಹೊಡೆಯಬಾರದು. ದ್ರಾವಕವೂ ಹೊತ್ತಿಕೊಳ್ಳುತ್ತದೆ, ಎಷ್ಟೋ ಡಬ್ಬಿಗಳಲ್ಲಿ ತಳ್ಳುವ ಗ್ಯಾಸೂ ಹೊತ್ತಿಕೊಳ್ಳುವಂಥದ್ದೇ. ಬೆಂಕಿ ಬಳಸುವುದಾದರೆ ಎಣ್ಣೆಯನ್ನು ಪೂರ್ತಿ ಒರೆಸಿ, ಆರಿಸಿ, ಬಯಲಿನಲ್ಲಿ ಮಾಡಿ. ಪೆಟ್ರೋಲ್ ಟ್ಯಾಂಕ್, ರಬ್ಬರ್ ಬುಷ್, ಬೇರಿಂಗ್ ಹತ್ತಿರ ಇದ್ದರೆ ಬೆಂಕಿಯ ಯೋಚನೆಯೇ ಬೇಡ. ಸತು ಲೇಪಿಸಿದ ಜಿಐ ಬೋಲ್ಟ್ ಜೋರು ಕಾಯಿಸಿದರೆ ಸತುವಿನ ಹೊಗೆ ಬರುತ್ತದೆ, ಅದನ್ನು ಉಸಿರಾಡಿದರೆ ಜ್ವರ ಬರುತ್ತದೆ. ಬೆಂಕಿ ಆಗದ ಕಡೆಗೆ ತಣ್ಣಗೆ ಮಾಡುವ ಸ್ಪ್ರೇಗಳು ಇವೆ. ಲಾಕ್‌ಟೈಟ್‌ನ ಫ್ರೀಜ್ ಅಂಡ್ ರಿಲೀಸ್ ಬೋಲ್ಟನ್ನು ಸುಮಾರು ಮೈನಸ್ 40 ಡಿಗ್ರಿವರೆಗೆ ತಣಿಸಿ ಕುಗ್ಗಿಸುತ್ತದೆ. ಒಳ್ಳೆಯ ಉಪಾಯ, ಆದರೆ ಮನೆಯಲ್ಲಿ ವರ್ಷಕ್ಕೊಮ್ಮೆ ಬೇಕಾಗುವುದಕ್ಕೆ ಬೆಲೆ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಎಲ್ಲಿ ಹೊಡೆಯಬಾರದು ಅನ್ನುವುದೂ ಮುಖ್ಯ. ಬ್ರೇಕ್ ಡಿಸ್ಕ್, ಬ್ರೇಕ್ ಶೂ, ಪ್ಯಾಡ್ ಹತ್ತಿರ ಕೊಳವೆ ಇಲ್ಲದೆ ಹೊಡೆಯಲೇಬೇಡಿ, ಹೊಡೆಯುವ ಮುಂಚೆ ಬಟ್ಟೆ ಮುಚ್ಚಿ. ಎಣ್ಣೆ ಕುಡಿದ ಪ್ಯಾಡ್ ಹಿಡಿಯುವುದಿಲ್ಲ. ಸ್ಕೂಟರಿನ ಬೆಲ್ಟ್ ಕೇಸಿಗೂ ಅದೇ ಮಾತು. ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದು ಬಾವಿಯ ವಿಷಯ. ಪೈಪಿನ ಕೆಳತುದಿಯ ಫೂಟ್ ವಾಲ್ವ್ ಬಿಚ್ಚಲಿಕ್ಕೆ ಬಾವಿಕಟ್ಟೆಯ ಮೇಲೆ ನಿಂತು ಸ್ಪ್ರೇ ಹೊಡೆಯುವುದನ್ನು ನೋಡಿದ್ದೇನೆ. ಕುಡಿಯುವ ನೀರಿಗೆ ಆ ದ್ರಾವಕ ಬೀಳುತ್ತದೆ. ಪೈಪನ್ನು ಪೂರ್ತಿ ಮೇಲೆತ್ತಿ, ಬಾವಿಯಿಂದ ದೂರ ತಂದು, ಕೆಳಗೆ ಟಾರ್ಪಲ್ ಹಾಸಿ ಮಾಡಿ. ವಾಪಸ್ ಇಳಿಸುವ ಮುಂಚೆ ಸೋಪು ನೀರಲ್ಲಿ ತೊಳೆದುಬಿಡಿ.

ಕೆಲವು ಜಾಮ್‌ಗಳಿಗೆ ಈ ಯಾವ ಡಬ್ಬಿಯೂ ಔಷಧಿ ಅಲ್ಲ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಕಚ್ಚಿದರೆ ಅಲ್ಲಿ ತುಕ್ಕೇ ಇಲ್ಲ, ಲೋಹಕ್ಕೆ ಲೋಹ ಅಂಟಿರುತ್ತದೆ, ಕತ್ತರಿಸುವುದೇ ದಾರಿ. ಕೆಂಪು ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದ ಹಾಗೆ ಹಾಕುವ ಅಂಟು) ಹಾಕಿದ ಬೋಲ್ಟಿಗೆ ಸುಮಾರು 250 ಡಿಗ್ರಿ ಬಿಸಿ ಬೇಕು, ಎಣ್ಣೆ ಕುಡಿಸಿ ಪ್ರಯೋಜನ ಇಲ್ಲ. ಅಲ್ಯೂಮಿನಿಯಂ ಒಳಗೆ ಉಕ್ಕಿನ ಬೋಲ್ಟ್ ಕೂತಿದ್ದರೆ ಬಿಳಿ ಪುಡಿ ಉಬ್ಬಿ ಹಿಡಿದಿರುತ್ತದೆ. ಅಲ್ಲಿ ಎಣ್ಣೆಗಿಂತ ಬಿಸಿ ಜಾಸ್ತಿ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮತ್ತೆ, ಎಡಗಡೆಯ ಸೈಕಲ್ ಪೆಡಲಿನ ಹಾಗೆ ಉಲ್ಟಾ ಥ್ರೆಡ್ ಇರುವ ಜಾಗಗಳಿವೆ, ಡಬ್ಬಿ ಖಾಲಿ ಮಾಡುವ ಮುಂಚೆ ಯಾವ ಕಡೆಗೆ ಬಿಚ್ಚುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ.

ಬಿಚ್ಚಿದ ಮೇಲೆ ಹಳೇ ಬೋಲ್ಟನ್ನೇ ವಾಪಸ್ ಹಾಕುವುದಾದರೆ ಥ್ರೆಡ್ ಉಜ್ಜಿ, ಕಾಪರ್ ಆಂಟಿ ಸೀಜ್ (ಮತ್ತೆ ಜಾಮ್ ಆಗದ ಹಾಗೆ ಹಚ್ಚುವ ತಾಮ್ರದ ಪುಡಿಯ ಪೇಸ್ಟ್) ಅಥವಾ ಗ್ರಾಫೈಟ್ ಗ್ರೀಸ್ ತೆಳುವಾಗಿ ಹಚ್ಚಿ. ಸೈಲೆನ್ಸರಿನ ಬಿಸಿಗೆ ಮಾಮೂಲಿ ಗ್ರೀಸ್ ಸುಟ್ಟುಹೋಗುತ್ತದೆ, ಅಲ್ಲಿಗೆ ಕಾಪರ್ ಬೇಕೇಬೇಕು. ಹಚ್ಚಿದ ಬೋಲ್ಟ್ ಸುಲಭವಾಗಿ ತಿರುಗುವುದರಿಂದ ಮೊದಲಿನಷ್ಟೇ ಬಲ ಹಾಕಿದರೆ ಜಾಸ್ತಿ ಬಿಗಿಯಾಗುತ್ತದೆ, ಸ್ವಲ್ಪ ಕಮ್ಮಿಗೆ ನಿಲ್ಲಿಸಿ. ಒಂದು ಸಣ್ಣ ಟ್ಯೂಬ್ ಆಂಟಿ ಸೀಜ್ ನಮ್ಮಂಥ ಮನೆಗೆ ತುಂಬ ವರ್ಷ ಬರುತ್ತದೆ. ಸ್ಪ್ರೇ ಡಬ್ಬಿಗೆ ಕೊಡುವ ದುಡ್ಡಿಗಿಂತ ಇದಕ್ಕೆ ಕೊಡುವ ದುಡ್ಡು ನನಗೆ ಹೆಚ್ಚು ಸಾರ್ಥಕ ಅನ್ನಿಸುತ್ತದೆ.

ಈಗ ಅಂಗಡಿಗೆ ಹೊರಟವರಿಗೆ: ಪೆನೆಟ್ರೇಟಿಂಗ್ ಆಯಿಲ್ ಚಿಕ್ಕ ಡಬ್ಬಿ, ಕೊಳವೆ ಸೇರಿಕೊಂಡೇ ಇರುವಂಥದ್ದು. ವೈರ್ ಬ್ರಷ್ ಒಂದು. ಆಂಟಿ ಸೀಜ್ ಟ್ಯೂಬ್ ಒಂದು. 10, 12, 13, 14, 17ರ ಆರು ಮೂಲೆಯ ಸಾಕೆಟ್ ಇಲ್ಲದಿದ್ದರೆ ಅದನ್ನೂ ಈಗಲೇ ತಗೊಳ್ಳಿ. ಬಜೆಟ್ ಸಾಲದಿದ್ದರೆ ಸ್ಪ್ರೇ ಬಿಟ್ಟುಬಿಡಿ, ಪಂಪಿನಿಂದ ಅರ್ಧ ಲೀಟರ್ ಡೀಸೆಲ್ ತಂದು ಒಂದು ರಾತ್ರಿ ಜಾಸ್ತಿ ನೆನೆಸಿ. ಸಾಕೆಟ್ ಮಾತ್ರ ಬಿಡಬೇಡಿ.